ಮುಖದ ಗುರುತು ಎಡಮಿದುಳಿನದೋ ಬಲಮಿದುಳಿನದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಖ ಗುರುತಿಸುವುದು ಬಲಮಿದುಳಿನ ಕೆಲಸ ಎಂಬ ಮಾತನ್ನು ನೀವೂ ಎಲ್ಲಾದರೂ ಓದಿರುತ್ತೀರಿ. ಅದು ಸುಳ್ಳಲ್ಲ, ಅರ್ಧಕ್ಕೆ ನಿಂತ ಮಾತು. ಉಳಿದರ್ಧದಲ್ಲಿ ಎಡಮಿದುಳಿದೆ, ಎರಡರ ನಡುವಿನ ಕೊಡುಕೊಳ್ಳುವಿಕೆ ಇದೆ, ಚಿಕ್ಕಂದಿನಲ್ಲಿ ಅಕ್ಷರ ಕಲಿತದ್ದರ ಪರಿಣಾಮವೂ ಬಹುಶಃ ಇದೆ. ಈ ವಿಷಯದಲ್ಲಿ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕೇ ಸಾಲು.

ಒಂದೇ ಮಾತಿನಲ್ಲಿ ಹೇಳಿಬಿಡಿ, ಮುಖ ಗುರುತಿಸುವುದು ಯಾವ ಕಡೆ?

ಎರಡೂ ಕಡೆ. ಬಲಗಡೆಯದ್ದು ಒಂದು ಕೈ ಮೇಲು. ಬಲಗೈ ಬಳಸುವ ಬಹುಪಾಲು ಜನರಲ್ಲಿ, ಮುಖ ಕಂಡಾಗ ಮಿದುಳಿನ ಬಲ ಅರ್ಧಗೋಳದ ಪ್ರತಿಕ್ರಿಯೆ ಎಡದ್ದಕ್ಕಿಂತ ಜೋರಾಗಿರುತ್ತದೆ. ಆ ಭಾಗಕ್ಕೆ ಪೆಟ್ಟಾದರೆ ಆಗುವ ನಷ್ಟವೂ ದೊಡ್ಡದು. ಹಾಗೆಂದು ಎಡ ಅರ್ಧಗೋಳ ಕೈಕಟ್ಟಿ ಕೂತಿರುವುದಿಲ್ಲ. ಮಾತಿನ ವಿಷಯದಲ್ಲಿ ಎಡಗಡೆಗೆ ಇರುವಷ್ಟು ಹಿಡಿತ ಮುಖದ ವಿಷಯದಲ್ಲಿ ಬಲಗಡೆಗೆ ಇಲ್ಲ. ಇಲ್ಲಿರುವುದು ಹೆಚ್ಚು ಕಡಿಮೆಯ ಲೆಕ್ಕ. ಇದನ್ನು ಬಿಟ್ಟು ಮುಂದೆ ಹೋದರೆ ಕೆಳಗಿನ ಉತ್ತರಗಳಲ್ಲಿ ಅರ್ಧದಷ್ಟು ತಪ್ಪಾಗಿ ಅರ್ಥವಾಗುತ್ತವೆ.

ಮಿದುಳಿನಲ್ಲಿ ಮುಖಕ್ಕೆಂದೇ ಮೀಸಲಾದ ಜಾಗ ಇದೆಯಂತೆ. ಎಲ್ಲಿದೆ ಅದು?

ಒಂದಲ್ಲ, ಹಲವು ಇವೆ. ಹೆಚ್ಚು ಹೆಸರು ಮಾಡಿದ್ದು ಫ್ಯೂಸಿಫಾರ್ಮ್ ಫೇಸ್ ಏರಿಯಾ, ಚಿಕ್ಕದಾಗಿ ಎಫ್‌ಎಫ್‌ಎ. ಕಿವಿಯ ಮಗ್ಗುಲಿಗೆ ಇರುವ ಮಿದುಳಿನ ಭಾಗವಾದ ಟೆಂಪೊರಲ್ ಹಾಲೆಯ ತಳದಲ್ಲಿ ಫ್ಯೂಸಿಫಾರ್ಮ್ ಎಂಬ ಉದ್ದನೆಯ ಮಡಿಕೆಯೊಂದಿದೆ. ಅದರ ಮೇಲಿನ ಸಣ್ಣ ಜಾಗ ಇದು. 1992ರಲ್ಲಿ ಜಸ್ಟಿನ್ ಸರ್ಜೆಂಟ್ ಮತ್ತು ಸಂಗಡಿಗರು ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಪೆಟ್ ಸ್ಕ್ಯಾನ್ ಬಳಸಿ ಇದರ ಸುಳಿವು ಹಿಡಿದಿದ್ದರು. 1997ರಲ್ಲಿ ನ್ಯಾನ್ಸಿ ಕಾನ್‌ವಿಶರ್, ಜೋಶ್ ಮೆಕ್‌ಡರ್ಮಟ್ ಮತ್ತು ಮಾರ್ವಿನ್ ಚುನ್, ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಜನರನ್ನು ಮಲಗಿಸಿ ಮುಖ, ಮನೆ, ಕೈ, ಬೇರೆ ಬೇರೆ ವಸ್ತುಗಳ ಚಿತ್ರ ತೋರಿಸಿದರು. ಮುಖ ಬಂದಾಗಲೆಲ್ಲ ಈ ಜಾಗ ಉಳಿದವುಗಳಿಗೆ ಕೊಡದಷ್ಟು ಜೋರಾದ ಪ್ರತಿಕ್ರಿಯೆ ಕೊಟ್ಟಿತು. ಹೆಸರು ಬಿದ್ದದ್ದು ಆಗಲೇ.

ಇದಕ್ಕಿಂತ ಹಿಂದೆ, ತಲೆಯ ಹಿಂಭಾಗದ ಕಡೆಗೆ, ಆಕ್ಸಿಪಿಟಲ್ ಫೇಸ್ ಏರಿಯಾ ಇದೆ. ಕಣ್ಣು, ಮೂಗು, ಬಾಯಿಯಂಥ ಬಿಡಿಭಾಗಗಳ ಮೊದಲ ಲೆಕ್ಕ ಅಲ್ಲಿ ಆಗುತ್ತದೆ ಎಂಬುದು ಸಾಮಾನ್ಯ ಅಭಿಪ್ರಾಯ. ಟೆಂಪೊರಲ್ ಹಾಲೆಯ ಪಕ್ಕದ ಸೀಳಿನಲ್ಲಿ ಇನ್ನೊಂದು ಭಾಗವಿದೆ. ನೋಟ ಎತ್ತ ತಿರುಗಿದೆ, ತುಟಿ ಹೇಗೆ ಆಡುತ್ತಿದೆ, ಮುಖದಲ್ಲಿ ಸಿಟ್ಟೋ ನಗುವೋ ಎಂಬ ಬದಲಾಗುವ ಸಂಗತಿಗಳು ಅದರ ಪಾಲು. ಹೀಗೆ ಯಾರು ಎಂಬುದಕ್ಕೆ ಒಂದು ದಾರಿ, ಏನು ಭಾವ ಎಂಬುದಕ್ಕೆ ಇನ್ನೊಂದು ದಾರಿ ಎಂಬ ನಕ್ಷೆಯನ್ನು ಜೇಮ್ಸ್ ಹ್ಯಾಕ್ಸ್‌ಬಿ, ಎಲಿಜಬೆತ್ ಹಾಫ್‌ಮನ್, ಇಡಾ ಗೊಬ್ಬಿನಿ 2000ರಲ್ಲಿ ಮುಂದಿಟ್ಟರು. ಆಮೇಲೆ ಅದಕ್ಕೆ ತಿದ್ದುಪಡಿಗಳು ಬಂದಿವೆ, ಆದರೂ ಇಂದಿಗೂ ಮಾತು ಶುರುವಾಗುವುದು ಅಲ್ಲಿಂದಲೇ.

ಈ ಜಾಗಗಳೆಲ್ಲ ಎರಡೂ ಕಡೆ ಇವೆ. ಬಲಗಡೆಯವು ಸಾಮಾನ್ಯವಾಗಿ ದೊಡ್ಡವು, ಹುಡುಕಿದರೆ ಸುಲಭಕ್ಕೆ ಸಿಗುವಂಥವು. ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯಲು ತಲೆಗೆ ಅಂಟಿಸಿದ ಇಇಜಿ ಎಲೆಕ್ಟ್ರೋಡುಗಳಲ್ಲೂ ಇದೇ ಕಥೆ. ಮುಖ ಕಂಡ ಸುಮಾರು 170 ಮಿಲಿಸೆಕೆಂಡಿಗೆ ಒಂದು ಅಲೆ ಏಳುತ್ತದೆ, ಅದು ಬಲಗಡೆ ಹೆಚ್ಚು ಎತ್ತರ.

ಎಡಗಣ್ಣು ಕಂಡದ್ದು ಬಲಮಿದುಳಿಗೆ ಹೋಗುತ್ತದೆ, ಅಲ್ಲವೇ?

ಅಲ್ಲ. ಬಹಳ ಜನ ಎಡವುವುದು ಇಲ್ಲಿಯೇ. ಲೆಕ್ಕ ಕಣ್ಣಿನದಲ್ಲ, ದೃಷ್ಟಿಕ್ಷೇತ್ರದ್ದು. ನೀವು ಒಂದು ಚುಕ್ಕಿಯನ್ನೇ ನೋಡುತ್ತಿದ್ದರೆ, ಆ ಚುಕ್ಕಿಯ ಎಡಕ್ಕೆ ಇರುವುದೆಲ್ಲ ಎರಡೂ ಕಣ್ಣುಗಳಿಂದ ಬಲಮಿದುಳಿಗೆ ಹೋಗುತ್ತದೆ, ಬಲಕ್ಕೆ ಇರುವುದೆಲ್ಲ ಎಡಮಿದುಳಿಗೆ. ಎರಡೂ ಕಣ್ಣಿನ ನರಗಳು ಸೇರುವ ಕಡೆ ಮೂಗಿನ ಪಕ್ಕದ ಎಳೆಗಳು ಮಾತ್ರ ದಾಟಿ ಆಚೆಬದಿಗೆ ಹೋಗುವುದರಿಂದ ಹೀಗಾಗುತ್ತದೆ. ಒಂದು ಕಣ್ಣು ಮುಚ್ಚಿಕೊಂಡರೂ ಎರಡೂ ಅರ್ಧಗೋಳಗಳಿಗೆ ಸುದ್ದಿ ತಲುಪುತ್ತಲೇ ಇರುತ್ತದೆ.

ಹೀಗೆ ಬೇರೆ ಬೇರೆಯಾಗಿ ಬಂದದ್ದು ಬೇರೆಯಾಗಿಯೇ ಉಳಿಯುವುದಿಲ್ಲ. ಕಾರ್ಪಸ್ ಕಲೋಸಮ್ ಎಂಬ ಸುಮಾರು 20 ಕೋಟಿ ನರತಂತುಗಳ ಸೇತುವೆ ಎರಡೂ ಕಡೆಯನ್ನು ಕೂಡಿಸುತ್ತದೆ.

ಎರಡು ಕಡೆಯ ಕೆಲಸ ಬೇರೆ ಬೇರೆ ಎಂದು ಸ್ಪಷ್ಟವಾಗಿ ಕಂಡದ್ದು ಹೇಗೆ?

ಆ ಸೇತುವೆಯನ್ನು ಕತ್ತರಿಸಿಕೊಂಡ ರೋಗಿಗಳಿಂದ. ಔಷಧಕ್ಕೆ ಬಗ್ಗದ ಮೂರ್ಛೆರೋಗವನ್ನು ಹತೋಟಿಗೆ ತರಲು ಕೆಲವರಿಗೆ ಈ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅಂಥವರನ್ನು ವರ್ಷಗಟ್ಟಲೆ ಪರೀಕ್ಷಿಸಿದ ರಾಜರ್ ಸ್ಪೆರ‍್ರಿಗೆ 1981ರಲ್ಲಿ ನೊಬೆಲ್ ಬಂತು. ಮುಖದ ಬಗ್ಗೆ ಅವರ ಗುಂಪು ಮಾಡಿದ ಪ್ರಯೋಗವನ್ನು ಜೆರ‍್ರಿ ಲೆವಿ, ಕಾಲ್ವಿನ್ ಟ್ರೆವಾರ್ಥನ್ ಮತ್ತು ಸ್ಪೆರ‍್ರಿ 1972ರಲ್ಲಿ ಪ್ರಕಟಿಸಿದರು. ಈ ವಿಷಯದಲ್ಲಿ ನನಗೆ ಇಂದಿಗೂ ಹೆಚ್ಚು ಇಷ್ಟವಾಗುವ ಪ್ರಯೋಗ ಅದು.

ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಫೋಟೊಗಳನ್ನು ಮೂಗಿನ ನೇರಕ್ಕೆ ಸೀಳಿ, ಒಬ್ಬರ ಎಡ ಅರ್ಧಕ್ಕೆ ಇನ್ನೊಬ್ಬರ ಬಲ ಅರ್ಧವನ್ನು ಜೋಡಿಸುತ್ತಾರೆ. ರೋಗಿ ಪರದೆಯ ನಟ್ಟನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಆಗ ಈ ಬೆರಕೆ ಮುಖ ಒಂದೇ ಕ್ಷಣ ಮಿಂಚಿ ಮಾಯವಾಗುತ್ತದೆ. ಎಡದ ಅರ್ಧ ಹೋದದ್ದು ಬಲಮಿದುಳಿಗೆ, ಬಲದ ಅರ್ಧ ಎಡಮಿದುಳಿಗೆ. ಸೇತುವೆ ಇಲ್ಲದ್ದರಿಂದ ಒಂದಕ್ಕೆ ಸಿಕ್ಕಿದ್ದು ಇನ್ನೊಂದಕ್ಕೆ ತಿಳಿಯದು. ಆಮೇಲೆ ಇಡೀ ಮುಖಗಳ ಫೋಟೊಗಳನ್ನು ಮುಂದಿಟ್ಟು 'ನೀವು ಕಂಡದ್ದು ಯಾರನ್ನು, ಬೆರಳಿಟ್ಟು ತೋರಿಸಿ' ಎಂದರೆ, ಎಡ ಅರ್ಧದಲ್ಲಿದ್ದ ವ್ಯಕ್ತಿಯನ್ನು ತೋರಿಸುತ್ತಾರೆ. 'ಹೆಸರು ಹೇಳಿ' ಎಂದರೆ ಬಲ ಅರ್ಧದಲ್ಲಿದ್ದವರ ಹೆಸರು ಬರುತ್ತದೆ! ಕಂಡದ್ದು ಬೆರಕೆ ಮುಖ ಎಂಬ ಅನುಮಾನ ಅವರಿಗೆ ಬರುವುದೇ ಇಲ್ಲ. ಪ್ರತಿ ಅರ್ಧಗೋಳವೂ ತನಗೆ ಸಿಕ್ಕ ಅರ್ಧವನ್ನು ಇಡೀ ಮುಖವಾಗಿ ತುಂಬಿಕೊಂಡಿರುತ್ತದೆ.

ಇಲ್ಲಿ ಗಮನಿಸಬೇಕಾದ್ದು ಎರಡಿದೆ. ನೋಡಿ ಹೊಂದಿಸುವ ಕೆಲಸದಲ್ಲಿ ಬಲಮಿದುಳು ಗೆಲ್ಲುತ್ತದೆ. ಆದರೆ ಎಡಮಿದುಳೂ ಮುಖವನ್ನು ಕಂಡಿದೆ, ಗುರುತಿಸಿದೆ, ಹೆಸರನ್ನೂ ಹೇಳಿದೆ. ಜನಪ್ರಿಯ ಬರಹಗಳು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಬಿಡುತ್ತವೆ.

ಬಲಮಿದುಳಿಗೆ ಮುಖದಲ್ಲಿ ಕಾಣುವುದಾದರೂ ಏನು?

ಒಟ್ಟಂದ. ಎಲ್ಲರಿಗೂ ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ, ಅದೇ ಕ್ರಮದಲ್ಲಿ. ಒಬ್ಬರಿಂದ ಇನ್ನೊಬ್ಬರನ್ನು ಬೇರೆ ಮಾಡುವುದು ಬಿಡಿಭಾಗಗಳಿಗಿಂತ ಅವುಗಳ ನಡುವಿನ ಅಂತರ, ಹೊಂದಾಣಿಕೆ. ಇದನ್ನು ಒಂದೇ ಏಟಿಗೆ ಇಡಿಯಾಗಿ ಹಿಡಿಯುವುದರಲ್ಲಿ ಬಲಗಡೆ ಮುಂದು.

ಇಡಿಯಾಗಿ ಹಿಡಿಯುತ್ತೇವೆ ಎನ್ನುವುದಕ್ಕೆ ಪುರಾವೆ ಹಲವು. ರಾಬರ್ಟ್ ಯಿನ್ 1969ರಲ್ಲಿ ತೋರಿಸಿದಂತೆ, ಚಿತ್ರವನ್ನು ತಲೆಕೆಳಗು ಮಾಡಿದರೆ ಮನೆ, ವಿಮಾನಗಳನ್ನು ಗುರುತಿಸುವುದು ಸ್ವಲ್ಪ ಕಷ್ಟವಾಗುತ್ತದೆ, ಮುಖ ಗುರುತಿಸುವುದು ವಿಪರೀತ ಕಷ್ಟವಾಗುತ್ತದೆ. 1987ರಲ್ಲಿ ಆಂಡ್ರ್ಯೂ ಯಂಗ್ ಮತ್ತು ಸಂಗಡಿಗರು ಒಬ್ಬರ ಮುಖದ ಮೇಲರ್ಧಕ್ಕೆ ಇನ್ನೊಬ್ಬರ ಕೆಳಗಿನ ಅರ್ಧ ಅಂಟಿಸಿ, ಮೇಲಿನವರು ಯಾರು ಎಂದು ಕೇಳಿದರು. ಅರ್ಧಗಳು ಸರಿಯಾಗಿ ಕೂಡಿಕೊಂಡಿದ್ದಾಗ ಉತ್ತರಿಸಲು ಜನ ತಡವರಿಸಿದರು. ಒಂದನ್ನು ಪಕ್ಕಕ್ಕೆ ಸರಿಸಿದ್ದೇ ತಡ, ಕೆಲಸ ಹಗುರಾಯಿತು. ಕೂಡಿಸಿದಾಗ ಹೊಸತೊಂದು ಮುಖವೇ ಹುಟ್ಟಿ, ಒಳಗಿನ ಪರಿಚಿತ ಅರ್ಧವನ್ನು ಮುಚ್ಚಿಹಾಕುತ್ತದೆ.

ಇನ್ನೊಂದನ್ನು ನೀವೇ ಮೊಬೈಲಿನಲ್ಲಿ ಮಾಡಿ ನೋಡಬಹುದು. ನಗುತ್ತಿರುವ ಮುಖದ ಫೋಟೊದಲ್ಲಿ ಕಣ್ಣು ಮತ್ತು ಬಾಯಿಯನ್ನು ಮಾತ್ರ ಕತ್ತರಿಸಿ ತಲೆಕೆಳಗಾಗಿ ಅಂಟಿಸಿ. ಇಡೀ ಫೋಟೊವನ್ನು ಬುಡಮೇಲು ಹಿಡಿದಾಗ ಏನೂ ಅಂಥ ವಿಕಾರ ಕಾಣುವುದಿಲ್ಲ. ನೆಟ್ಟಗೆ ತಿರುಗಿಸಿ, ಬೆಚ್ಚಿಬೀಳುತ್ತೀರಿ. ಪೀಟರ್ ಥಾಂಪ್ಸನ್ 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಅವರ ಫೋಟೊ ಬಳಸಿ ಇದನ್ನು ತೋರಿಸಿದ್ದರಿಂದ ಥ್ಯಾಚರ್ ಭ್ರಮೆ ಎಂದೇ ಹೆಸರಾಗಿದೆ.

ಹಾಗಾದರೆ ಎಡಮಿದುಳಿನ ಪಾಲು ಏನು?

ಬಿಡಿಭಾಗಗಳು, ಹೋಲಿಕೆಯ ಪ್ರಮಾಣ, ಕೊನೆಗೆ ಹೆಸರು. ಬಿಡಿಭಾಗದ ಕಡೆಗೆ ಗಮನ ಕೊಟ್ಟು ನೋಡುವಾಗ ಎಡ ಫ್ಯೂಸಿಫಾರ್ಮ್ ಹೆಚ್ಚು ಚುರುಕಾಗುತ್ತದೆ, ಇಡೀ ಮುಖವನ್ನು ನೋಡುವಾಗ ಬಲದ್ದು.

ಎಂಐಟಿಯ ಪವನ್ ಸಿನ್ಹಾ ಅವರ ಗುಂಪು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೊಂದು ಸೊಗಸಾದ ತಿರುವು ಕೊಟ್ಟಿತು. ಅವರು ಮುಖಕ್ಕೆ ಸ್ವಲ್ಪವೂ ಹೋಲದ ಚಿತ್ರಗಳಿಂದ ಹಿಡಿದು, ಅಲ್ಪಸ್ವಲ್ಪ ಹೋಲುವವು, ಬಹಳ ಹೋಲುವವು, ನಿಜವಾದ ಮುಖಗಳವರೆಗೆ ಸಾಲಾಗಿ ಜೋಡಿಸಿ ತೋರಿಸಿದರು. ಎಡ ಫ್ಯೂಸಿಫಾರ್ಮ್ ಹೋಲಿಕೆ ಹೆಚ್ಚಿದಂತೆ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚು ಪ್ರತಿಕ್ರಿಯಿಸಿತು. ಬಲದ್ದು ಹಾಗಲ್ಲ, ಮುಖವಾದರೆ ಒಂದು ಬಗೆ, ಮುಖವಲ್ಲದಿದ್ದರೆ, ಎಷ್ಟೇ ಹೋಲಲಿ, ಇನ್ನೊಂದು ಬಗೆ. ಎಡಗಡೆಯ ಚಟುವಟಿಕೆ ಬಲಗಡೆಯದಕ್ಕಿಂತ ಮೊದಲೇ ಏರುವುದೂ ಕಂಡಿತು. ಅಂದರೆ ಎಡಗಡೆ ಎಷ್ಟರಮಟ್ಟಿಗೆ ಮುಖದಂತಿದೆ ಎಂದು ಅಳೆದು ಕೊಡುತ್ತದೆ, ಬಲಗಡೆ ತೀರ್ಪು ಕೊಡುತ್ತದೆ ಎಂಬ ಓದು ಸಾಧ್ಯ. ಮೋಡದಲ್ಲಿ, ಗೋಡೆಯ ಕಲೆಯಲ್ಲಿ ಮುಖ ಕಂಡರೂ ಅದು ನಿಜವಾದ ಮುಖವಲ್ಲ ಎಂಬ ಅರಿವು ನಮಗೆ ತಪ್ಪದಿರುವುದಕ್ಕೆ ಈ ಹಂಚಿಕೆ ಒಂದು ಕಾರಣವಿರಬಹುದು.

ಬಲಗಡೆ ವಿದ್ಯುತ್ ಹಾಯಿಸಿದರೆ ಎದುರಿನವರ ಮುಖವೇ ಬದಲಾಗುತ್ತದಂತೆ, ನಿಜವೇ?

ನಿಜ. ಮೂರ್ಛೆರೋಗದ ಮೂಲ ಎಲ್ಲಿದೆ ಎಂದು ಹುಡುಕಲು ಕೆಲವು ರೋಗಿಗಳ ಮಿದುಳಿನ ಮೇಲೆ ಕೆಲವು ದಿನ ಎಲೆಕ್ಟ್ರೋಡುಗಳನ್ನು ಇಟ್ಟಿರುತ್ತಾರೆ. ರೋಗಿ ಎಚ್ಚರವಾಗಿ ಹಾಸಿಗೆಯಲ್ಲಿ ಕೂತು ಮಾತಾಡುತ್ತಿರುತ್ತಾನೆ. 2012ರಲ್ಲಿ ಸ್ಟ್ಯಾನ್‌ಫರ್ಡ್‌ನ ಯೋಸೆಫ್ ಪರ್ವಿಜಿ ಮತ್ತು ಸಂಗಡಿಗರು ಅಂಥ ಒಬ್ಬ ರೋಗಿಯ ಬಲ ಫ್ಯೂಸಿಫಾರ್ಮ್‌ಗೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸಿದರು. ಎದುರಿಗಿದ್ದ ವೈದ್ಯರು ಇದ್ದಕ್ಕಿದ್ದಂತೆ ಬೇರೆ ಯಾರೋ ಆಗಿಬಿಟ್ಟರು, ಮೂಗು ಜೋತುಬಿದ್ದು ಪಕ್ಕಕ್ಕೆ ಸರಿಯಿತು ಎಂದು ರೋಗಿ ವರ್ಣಿಸಿದ. ಬದಲಾದದ್ದು ಮುಖ ಮಾತ್ರ, ಉಳಿದದ್ದೆಲ್ಲ ಇದ್ದಹಾಗೇ ಇತ್ತು. ವಿದ್ಯುತ್ ನಿಲ್ಲಿಸಿದೊಡನೆ ಮುಖವೂ ಸರಿಹೋಯಿತು.

ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಅದೇ ಗುಂಪು 2014ರಲ್ಲಿ ಪ್ರಕಟಿಸಿದ ಮುಂದಿನ ಕೆಲಸ. ಹತ್ತು ರೋಗಿಗಳಲ್ಲಿ ಎಡ ಮತ್ತು ಬಲ ಎರಡನ್ನೂ ಹೋಲಿಸಿ ನೋಡಿದಾಗ ಮುಖ ವಿಕಾರವಾಗಿ ಕಂಡದ್ದು ಬಲಗಡೆಗೆ ವಿದ್ಯುತ್ ಕೊಟ್ಟಾಗ. ಎಡಗಡೆಗೆ ಕೊಟ್ಟಾಗ ಹೆಚ್ಚಾಗಿ ಕಂಡದ್ದು ಮಿನುಗು, ಬಣ್ಣದಂಥ ಮುಖಕ್ಕೆ ಸಂಬಂಧವಿಲ್ಲದ ಬದಲಾವಣೆಗಳು. ಬರೀ ಸ್ಕ್ಯಾನ್ ಚಿತ್ರ ನೋಡಿದ್ದರೆ ಎರಡೂ ಕಡೆ ಮುಖಕ್ಕೆ ಸ್ಪಂದಿಸುತ್ತವೆ ಎಂದಷ್ಟೇ ಹೇಳುತ್ತಿದ್ದೆವು. ಮುಟ್ಟಿ ನೋಡಿದಾಗ ಮುಖದ ಅನುಭವವೇ ಅಲುಗಾಡಿದ್ದು ಬಲಗಡೆ.

ಮುಖ ಗೊತ್ತಾಗುತ್ತದೆ, ಹೆಸರು ಬಾಯಿಗೆ ಬರುವುದಿಲ್ಲ. ಇದು ಎಡ-ಬಲದ ಜಗಳವೇ?

ಒಂದರ್ಥದಲ್ಲಿ ಹೌದು. ವಿಕಿ ಬ್ರೂಸ್ ಮತ್ತು ಆಂಡ್ರ್ಯೂ ಯಂಗ್ 1986ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ಮೊದಲು ಬರುವುದು 'ಈ ಮುಖ ಎಲ್ಲೋ ನೋಡಿದ್ದೇನೆ' ಎಂಬ ಪರಿಚಯ, ಆಮೇಲೆ ಆ ವ್ಯಕ್ತಿಯ ವಿವರ, ಕಟ್ಟಕಡೆಗೆ ಹೆಸರು. ಅದಕ್ಕೇ ಒಬ್ಬರ ಕೆಲಸ, ಅವರನ್ನು ಕಂಡ ಜಾಗ ಎಲ್ಲ ನೆನಪಾಗಿ ಹೆಸರು ಮಾತ್ರ ಕೈಕೊಡುವುದು ದಿನನಿತ್ಯದ ಮಾತು. ಹೆಸರು ಗೊತ್ತು, ಆದರೆ ಅವರು ಯಾರೆಂದೇ ತಿಳಿಯದು ಎಂಬ ಉಲ್ಟಾ ಸ್ಥಿತಿ ಸಾಮಾನ್ಯವಾಗಿ ಯಾರಿಗೂ ಆಗುವುದಿಲ್ಲ.

ಮಿದುಳಿನಲ್ಲಿ ನೋಡಿದರೆ, ಎಡ ಟೆಂಪೊರಲ್ ಹಾಲೆಯ ಮುಂತುದಿಗೆ ಹಾನಿಯಾದವರು ಪರಿಚಿತರ ಹೆಸರು ಹೇಳಲು ಒದ್ದಾಡುತ್ತಾರೆ, ಅವರ ಬಗ್ಗೆ ಬೇಕಾದಷ್ಟು ವಿವರ ಹೇಳಬಲ್ಲರು. ಬಲಗಡೆಯ ಮುಂತುದಿ ಸವೆಯುತ್ತ ಹೋಗುವ ಒಂದು ಬಗೆಯ ಡಿಮೆನ್ಷಿಯಾದಲ್ಲಿ, ಅಂದರೆ ಬುದ್ಧಿಶಕ್ತಿ ಕುಂದುತ್ತ ಹೋಗುವ ಕಾಯಿಲೆಯಲ್ಲಿ, ಪರಿಚಯವೇ ಅಳಿಸುತ್ತದೆ. ಹತ್ತಿರದವರೂ ಹೊಸಬರಂತೆ ಕಾಣತೊಡಗುತ್ತಾರೆ. ಹೆಸರು ಮರೆಯುವುದು ಮಾತ್ರ ನಿಮ್ಮ ತೊಂದರೆಯಾದರೆ ನಿಮ್ಮ ಮುಖ ಗುರುತಿಸುವ ಶಕ್ತಿ ಚೆನ್ನಾಗಿಯೇ ಇದೆ.

ಫೋಟೊದಲ್ಲಿ ನನ್ನ ಮುಖ ನನಗೇ ವಿಚಿತ್ರವಾಗಿ ಕಾಣುವುದೇಕೆ?

ಯಾವ ಮುಖವೂ ಎಡಬಲ ಸರಿಸಮ ಇರುವುದಿಲ್ಲ. ಕನ್ನಡಿಯಲ್ಲಿ ನಿಮ್ಮ ಎಡಗೆನ್ನೆ ನಿಮ್ಮ ಎಡಕ್ಕೇ ಕಾಣುತ್ತದೆ. ಫೋಟೊದಲ್ಲಿ ಅದು ಬಲಕ್ಕೆ ಹೋಗುತ್ತದೆ. ಜೀವನಪೂರ್ತಿ ಕನ್ನಡಿಯದನ್ನೇ ನೋಡಿದವರಿಗೆ ಫೋಟೊ ತಿರುಗುಮುರುಗಾಗಿ ಕಾಣುವುದು ಸಹಜ.

ಇದರ ಜೊತೆಗೆ ಅರ್ಧಗೋಳಗಳ ಸಂಗತಿಯೂ ಸೇರುತ್ತದೆ. ಒಂದು ಮುಖದ ಎಡ, ಬಲ ಅರ್ಧಗಳನ್ನು ಬೇರೆ ಬೇರೆಯಾಗಿ ಪ್ರತಿಬಿಂಬಿಸಿ ಎರಡು ಇಡೀ ಮುಖಗಳನ್ನು ಮಾಡಿದರೆ, ನೋಡುವವರ ಎಡಕ್ಕಿದ್ದ ಅರ್ಧದಿಂದ ಮಾಡಿದ್ದೇ ಮೂಲ ವ್ಯಕ್ತಿಗೆ ಹೆಚ್ಚು ಹೋಲುತ್ತದೆ ಎಂದು ಬಹುಪಾಲು ಜನ ಹೇಳುತ್ತಾರೆ. ನಗುವ ಅರ್ಧ ಎಡಕ್ಕಿದ್ದು ಸಪ್ಪೆ ಅರ್ಧ ಬಲಕ್ಕಿದ್ದರೆ, ಅದರ ಕನ್ನಡಿ ಪ್ರತಿಗಿಂತ ಇದೇ ಹೆಚ್ಚು ನಗುತ್ತಿದೆ ಅನ್ನಿಸುತ್ತದೆ. ಎಡ ದೃಷ್ಟಿಕ್ಷೇತ್ರದ್ದು ನೇರ ಬಲಮಿದುಳಿಗೆ ಹೋಗುವುದರಿಂದ ಅದರ ತೂಕ ಜಾಸ್ತಿ ಎಂಬುದು ಮುಖ್ಯ ವಿವರಣೆ. ಎಡದಿಂದ ಬಲಕ್ಕೆ ಓದುವ ಅಭ್ಯಾಸವೂ ಕೊಂಚ ಸೇರಿಕೊಳ್ಳುತ್ತದೆ. ಬಲದಿಂದ ಎಡಕ್ಕೆ ಓದುವವರಲ್ಲಿ ಈ ಒಲವು ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಈ ಬಲದ ಒಲವು ಹುಟ್ಟಿನಿಂದಲೇ ಇರುತ್ತದೆಯೇ?

ಬೀಜ ಬೇಗ ಬಿದ್ದಿರುತ್ತದೆ. ಹುಟ್ಟಿದ ಕೂಸು ಮುಖದಂಥ ಆಕಾರದ ಕಡೆಗೆ ಕಣ್ಣು ಹೊರಳಿಸುತ್ತದೆ. ಅಡೆಲೈಡ್ ದ ಹೀರಿಂಗ್ ಮತ್ತು ಬ್ರೂನೊ ರೋಸಿಯೋನ್ 2015ರಲ್ಲಿ ಪ್ರಕಟಿಸಿದ ಇಇಜಿ ಅಧ್ಯಯನದಲ್ಲಿ 4ರಿಂದ 6 ತಿಂಗಳ ಕೂಸುಗಳ ಬಲಗಡೆಯ ಹಿಂಭಾಗ ಮುಖಗಳಿಗೆ ಸ್ಪಷ್ಟವಾಗಿ ಸ್ಪಂದಿಸಿತು. ಅಕ್ಷರ, ಮಾತು ಯಾವುದೂ ಇಲ್ಲದ ವಯಸ್ಸದು.

ಆದರೆ ಬೀಜಕ್ಕೆ ಬೆಳಕು ಬೇಕು. ಹುಟ್ಟುವಾಗಲೇ ಒಂದು ಕಣ್ಣಿಗೆ ಪೊರೆ ಇದ್ದು, ಮೊದಲ ತಿಂಗಳುಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಸಿಕೊಂಡವರನ್ನು ರಿಚರ್ಡ್ ಲ ಗ್ರಾಂಡ್, ಡ್ಯಾಫ್ನಿ ಮೌರರ್ ಮತ್ತಿತರರು ವರ್ಷಗಳ ನಂತರ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೇಲೆ ಕಣ್ಣಿನ ಲೆಕ್ಕ ಬೇಡ ಅಂದೆನಲ್ಲ, ಎಳೆಗೂಸುಗಳಿಗೆ ಮಾತ್ರ ಆ ಮಾತು ಪೂರ್ತಿ ಸಲ್ಲುವುದಿಲ್ಲ. ಆ ವಯಸ್ಸಿನಲ್ಲಿ ಪ್ರತಿ ಕಣ್ಣೂ ಹೆಚ್ಚಾಗಿ ಎದುರುಬದಿಯ ಅರ್ಧಗೋಳಕ್ಕೇ ಸುದ್ದಿ ಕಳಿಸುತ್ತದೆ, ನಡುವಿನ ಸೇತುವೆಯೂ ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಎಡಗಣ್ಣಿಗೆ ಪೊರೆ ಇದ್ದವರ ಬಲಮಿದುಳು ಮೊದಲ ತಿಂಗಳುಗಳಲ್ಲಿ ಸರಿಯಾಗಿ ಮುಖ ಕಂಡಿರಲಿಲ್ಲ. ದೊಡ್ಡವರಾದ ಮೇಲೆ ಕಣ್ಣು-ಬಾಯಿಗಳ ನಡುವಿನ ಅಂತರದ ಸೂಕ್ಷ್ಮ ವ್ಯತ್ಯಾಸ ಹಿಡಿಯುವುದರಲ್ಲಿ ಹಿಂದೆಬಿದ್ದವರು ಅವರೇ. ಬಲಗಣ್ಣಿಗೆ ಪೊರೆ ಇದ್ದವರು ಎಲ್ಲರಂತೆಯೇ ಇದ್ದರು. ನಂತರದ ಅಷ್ಟೂ ವರ್ಷ ಮುಖ ನೋಡುತ್ತ ಬೆಳೆದರೂ ಆ ಕೊರತೆ ತುಂಬಲಿಲ್ಲ, ಎಡಮಿದುಳು ಆ ಜಾಗಕ್ಕೆ ಬಂದು ನಿಲ್ಲಲಿಲ್ಲ.

ಓದು ಕಲಿತದ್ದಕ್ಕೂ ಮುಖ ಗುರುತಿಸುವುದಕ್ಕೂ ಏನು ಸಂಬಂಧ?

ಎಡ ಫ್ಯೂಸಿಫಾರ್ಮ್‌ನ ಆಸುಪಾಸಿನಲ್ಲೇ ಅಕ್ಷರ ಮತ್ತು ಪದಗಳನ್ನು ಗುರುತಿಸುವ ಜಾಗ ಬೆಳೆಯುತ್ತದೆ. ಮಾತಿನ ಕೇಂದ್ರಗಳು ಬಹುಪಾಲು ಜನರಲ್ಲಿ ಎಡಗಡೆ ಇರುವುದರಿಂದ ಅಕ್ಷರವೂ ಅವುಗಳ ಹತ್ತಿರ ಬೀಡು ಬಿಡುತ್ತದೆ. ಮುಖಕ್ಕೂ ಪದಕ್ಕೂ ಕಣ್ಣಿನ ನಡುಭಾಗದ ಸೂಕ್ಷ್ಮ ದೃಷ್ಟಿಯೇ ಬೇಕು, ಹಾಗಾಗಿ ಎರಡೂ ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ, ಮುಖ ಬಲಗಡೆಗೆ ಹೆಚ್ಚು ವಾಲುತ್ತದೆ ಎಂಬುದು ಮಾರ್ಲೀನ್ ಬೆಹರ್‌ಮನ್ ಮತ್ತು ಡೇವಿಡ್ ಪ್ಲಾಟ್ ಅವರ ವಾದ.

2010ರಲ್ಲಿ ಸ್ಟಾನಿಸ್ಲಾಸ್ ದೆಹೇನ್ ಮತ್ತು ಸಂಗಡಿಗರು ಬ್ರೆಜಿಲ್ ಮತ್ತು ಪೋರ್ಚುಗಲ್‌ನ 63 ವಯಸ್ಕರನ್ನು ಹೋಲಿಸಿದರು. ಅವರಲ್ಲಿ ಅನಕ್ಷರಸ್ಥರು, ದೊಡ್ಡವರಾದ ಮೇಲೆ ಓದಲು ಕಲಿತವರು, ಬಾಲ್ಯದಲ್ಲೇ ಕಲಿತವರು ಎಲ್ಲ ಇದ್ದರು. ಓದು ಹೆಚ್ಚಿದಂತೆ ಎಡಗಡೆಯ ಅಕ್ಷರದ ಜಾಗದಲ್ಲಿ ಮುಖಕ್ಕೆ ಸಿಗುವ ಪ್ರತಿಕ್ರಿಯೆ ಸ್ವಲ್ಪ ಕಡಿಮೆ, ಬಲಗಡೆ ಹೆಚ್ಚು. ಪೈಪೋಟಿಯ ವಾದಕ್ಕೆ ಇದು ಬಲ ಕೊಟ್ಟಿತು. ಆದರೆ 2019ರಲ್ಲಿ ಉತ್ತರ ಭಾರತದ ಹಿಂದಿ ಭಾಷಿಕರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಓದು ಕಲಿತದ್ದರಿಂದ ಮುಖದ ಪ್ರತಿಕ್ರಿಯೆ ಕುಗ್ಗಿದ್ದು ಕಾಣಲಿಲ್ಲ. ನನಗನ್ನಿಸುವಂತೆ, ಓದು ಮುಖವನ್ನು ಹೊರದಬ್ಬುತ್ತದೆ ಎಂಬ ಮಾತು ಅತಿಯಾಯಿತು. ಆರೇಳು ತಿಂಗಳೂ ತುಂಬದ ಕೂಸಿನಲ್ಲೇ ಬಲದ ಒಲವು ಇರುವಾಗ ಅಕ್ಷರ ಹೆಚ್ಚೆಂದರೆ ಅದನ್ನು ಇನ್ನಷ್ಟು ಒತ್ತಿಹೇಳಬಹುದು. ಇನ್ನೊಂದು ಕಡೆ, ಓದದ ಮಕಾಕ್ ಕೋತಿಗಳಲ್ಲಿ ಮುಖದ ಜಾಗಗಳು ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿವೆ ಎನ್ನುವುದನ್ನೂ ಮರೆಯುವಂತಿಲ್ಲ.

ನಾನು ಎಡಗೈಯವನು. ನನ್ನಲ್ಲಿ ಇದೆಲ್ಲ ತಿರುಗುಮುರುಗೇ?

ಇರಲಿಕ್ಕಿಲ್ಲ. ಎಡಗೈ ಬಳಸುವವರನ್ನು ಗುಂಪಾಗಿ ನೋಡಿದರೆ ಬಲದ ಒಲವು ಕಡಿಮೆ, ಒಬ್ಬರಿಂದೊಬ್ಬರಿಗೆ ವ್ಯತ್ಯಾಸ ಹೆಚ್ಚು. ಕೆಲವರಲ್ಲಿ ಎಡದ್ದೇ ಮುಂದಿರಬಹುದು. ಬರೀ ಎಡಗಡೆ ಪೆಟ್ಟಾಗಿ ಮುಖದ ಗುರುತು ಕಳೆದುಕೊಂಡ ಅಪರೂಪದ ಪ್ರಕರಣಗಳಲ್ಲಿ ಎಡಗೈಯವರು ಎದ್ದುಕಾಣುತ್ತಾರೆ. ಮುಖ ಗುರುತಿಸುವ ಸಾಮರ್ಥ್ಯಕ್ಕೆ ಇದರಿಂದ ಕುಂದಿಲ್ಲ.

ಮುಖಗುರುಡು ಎಂದರೇನು?

ವೈದ್ಯರು ಪ್ರೊಸೊಪಾಗ್ನೋಸಿಯ ಎನ್ನುತ್ತಾರೆ. 1947ರಲ್ಲಿ ಜರ್ಮನ್ ನರವೈದ್ಯ ಯೋಆಕಿಮ್ ಬೋಡಮರ್ ಈ ಹೆಸರು ಕೊಟ್ಟರು. ಅವರು ವಿವರಿಸಿದವರಲ್ಲಿ ಒಬ್ಬ, ತಲೆಗೆ ಗುಂಡೇಟು ಬಿದ್ದ ಯುವಕ. ಮನೆಯವರನ್ನೂ ಕನ್ನಡಿಯಲ್ಲಿ ತನ್ನನ್ನೂ ಗುರುತಿಸಲಾರ. ದನಿ, ನಡಿಗೆಯಿಂದ ಮಾತ್ರ ಯಾರೆಂದು ತಿಳಿಯುತ್ತಿತ್ತು. ಇಂಥವರ ಕಣ್ಣು ಸರಿಯಾಗಿದೆ, ಎದುರಿಗಿರುವುದು ಮುಖ ಎಂದು ಗೊತ್ತು, ಗಂಡೋ ಹೆಣ್ಣೋ ಎಂದು ಎಷ್ಟೋ ಸಲ ಹೇಳಬಲ್ಲರು. ಯಾರ ಮುಖ ಎಂಬುದು ಮಾತ್ರ ಹೊಳೆಯದು.

ಇದಕ್ಕೆ ಎರಡೂ ಕಡೆ ಪೆಟ್ಟಾಗಬೇಕೇ, ಬಲಗಡೆ ಒಂದೇ ಸಾಕೇ ಎಂದು ನರವಿಜ್ಞಾನಿಗಳು ಬಹಳ ಕಾಲ ವಾದಿಸಿದರು. 1980ರ ದಶಕದ ಆರಂಭದಲ್ಲಿ ಎರಡೂ ಕಡೆ ಎಂಬ ಪಕ್ಷ ಗಟ್ಟಿಯಾಗಿತ್ತು. ಸ್ಕ್ಯಾನ್‌ಗಳು ಉತ್ತಮವಾದಂತೆ ಬಲಗಡೆ ಮಾತ್ರ ಹಾನಿಯಾದ ಪ್ರಕರಣಗಳು ಒಂದರ ಮೇಲೊಂದು ಬಂದವು. ಈಗಿನ ನಿಲುವು ಹೀಗೆ: ಬಲಗಡೆ ಒಂದೇ ಸಾಕಾಗಬಹುದು, ಎರಡೂ ಕಡೆಯಾದರೆ ತೊಂದರೆ ಇನ್ನೂ ತೀವ್ರ, ಎಡಗಡೆ ಒಂದೇ ಆದರೆ ಹೀಗಾಗುವುದು ಅಪರೂಪ.

ಯಾವ ಪೆಟ್ಟೂ ಇಲ್ಲದೆ ಹುಟ್ಟಿನಿಂದ ಬರುವ ಬಗೆಯೂ ಇದೆ, ಹಲವು ಸಲ ಮನೆತನದಲ್ಲಿ ಹರಿದುಬರುತ್ತದೆ. ನೂರಕ್ಕೆ ಸುಮಾರು 2 ಮಂದಿಗೆ ಇದೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ನರವೈದ್ಯ ಆಲಿವರ್ ಸ್ಯಾಕ್ಸ್, ಚಿಂಪಾಂಜಿಗಳ ಅಧ್ಯಯನಕ್ಕೆ ಹೆಸರಾದ ಜೇನ್ ಗುಡಾಲ್ ತಮಗಿದು ಇದೆ ಎಂದು ಹೇಳಿಕೊಂಡವರು. ಆಳೆತ್ತರದ ಮುಖಚಿತ್ರಗಳನ್ನೇ ಬಿಡಿಸಿದ ಕಲಾವಿದ ಚಕ್ ಕ್ಲೋಸ್ ಕೂಡ ಅಂಥವರೇ.

ಮಗುವಿನ ಒಂದು ಬದಿಯ ಮಿದುಳು ತೆಗೆದುಬಿಟ್ಟರೆ ಮುಖ ಗುರುತಿಸುವುದು ಹೋಗುತ್ತದೆಯೇ?

ಹೋಗುವುದಿಲ್ಲ. ತೀವ್ರ ಮೂರ್ಛೆರೋಗದಿಂದ ಸುಮಾರು ಏಳರ ವಯಸ್ಸಿಗೆ ಬಲಗಡೆಯ ಆಕ್ಸಿಪಿಟಲ್ ಹಾಲೆ ಮತ್ತು ಟೆಂಪೊರಲ್ ಹಾಲೆಯ ಹಿಂಭಾಗವನ್ನು ತೆಗೆಸಿಕೊಂಡ ಹುಡುಗನೊಬ್ಬನ ವಿವರವನ್ನು ಬೆಹರ್‌ಮನ್ ಗುಂಪು 2018ರಲ್ಲಿ ಪ್ರಕಟಿಸಿತು. ಎಡ ದೃಷ್ಟಿಕ್ಷೇತ್ರ ಅವನಿಗೆ ಶಾಶ್ವತವಾಗಿ ಹೋಗಿತ್ತು, ಆದರೆ ಮುಖ ಗುರುತಿಸುವುದು ವಯಸ್ಸಿಗೆ ತಕ್ಕಂತೆ ಇತ್ತು. ಮೂರು ವರ್ಷ ಸ್ಕ್ಯಾನ್ ಮಾಡುತ್ತ ಹೋದಾಗ, ಎಡಗಡೆಯಲ್ಲಿ ಮುಖದ ಜಾಗ ಮತ್ತು ಅಕ್ಷರದ ಜಾಗ ಒಂದರ ಪಕ್ಕ ಒಂದು ನೆಲೆಯೂರಿದ್ದು ಕಂಡಿತು.

ಒಂದು ಅರ್ಧಗೋಳವನ್ನೇ ಬಾಲ್ಯದಲ್ಲಿ ಕಳೆದುಕೊಂಡ ಹಲವರನ್ನು ಪರೀಕ್ಷಿಸಿದ 2022ರ ಅಧ್ಯಯನದಲ್ಲಿ, ಎಡ ಉಳಿದಿರಲಿ ಬಲ ಉಳಿದಿರಲಿ, ಮುಖ ಮತ್ತು ಪದ ಎರಡರಲ್ಲೂ ಸರಾಸರಿ 80%ಕ್ಕಿಂತ ಹೆಚ್ಚು ಸರಿ ಉತ್ತರ ಬಂತು. ಎರಡೂ ಅರ್ಧಗೋಳ ಇರುವವರಷ್ಟಲ್ಲ, ಆದರೂ ಊಹಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ಪೊರೆಯ ಮಕ್ಕಳ ಕಥೆಗೂ ಇದಕ್ಕೂ ಹೊಂದುವುದಿಲ್ಲವಲ್ಲ ಎಂದು ನಿಮಗೆ ಅನ್ನಿಸಿದರೆ ಸರಿಯಾಗಿಯೇ ಓದಿದ್ದೀರಿ. ಒಂದು ವ್ಯತ್ಯಾಸ ಗಮನಿಸಿ: ಪೊರೆಯ ಮಕ್ಕಳ ಪರೀಕ್ಷೆ ಬಹಳ ಸೂಕ್ಷ್ಮ ಅಂತರಗಳದ್ದು, ದಿನಬಳಕೆಯ ಗುರುತಿಸುವಿಕೆಯದ್ದಲ್ಲ. ಜೊತೆಗೆ ಅವರಲ್ಲಿ ಬಲಮಿದುಳು ಜಾಗ ಬಿಟ್ಟುಕೊಟ್ಟಿರಲಿಲ್ಲ. ಕೆಲಸ ಅದರ ಹೆಸರಿನಲ್ಲೇ ಉಳಿದಿತ್ತು, ಚೆನ್ನಾಗಿ ಮಾಡಲು ಅದಕ್ಕೆ ಬರುತ್ತಿರಲಿಲ್ಲ. ಇದು ನನ್ನ ಓದು, ಒಪ್ಪದವರೂ ಇರಬಹುದು.

ಮುಖ ಅಪ್ಪನದೇ, ಆದರೆ ಇವರು ಅಪ್ಪನಲ್ಲ ಎನ್ನುವ ಕಾಯಿಲೆಯೂ ಇದೆಯೇ?

ಇದೆ, ಕಾಪ್‌ಗ್ರಾ ಭ್ರಮೆ. 1923ರಲ್ಲಿ ಜೋಸೆಫ್ ಕಾಪ್‌ಗ್ರಾ ಮತ್ತು ಜಾನ್ ರೆಬೂಲ್-ಲಶೋ ವಿವರಿಸಿದ್ದು. ಮುಖದ ಹೋಲಿಕೆ ಪೂರ್ತಿ ತಿಳಿಯುತ್ತದೆ, ಅದರ ಜೊತೆ ಏಳಬೇಕಾದ ಆಪ್ತಭಾವ ಮಾತ್ರ ಏಳುವುದಿಲ್ಲ. ಆ ಖಾಲಿಯನ್ನು ರೋಗಿ 'ಇವರು ವೇಷಧಾರಿ' ಎಂದು ವಿವರಿಸಿಕೊಳ್ಳುತ್ತಾನೆ. ವಿ. ಎಸ್. ರಾಮಚಂದ್ರನ್ ಮತ್ತು ವಿಲಿಯಂ ಹರ್‌ಸ್ಟೈನ್ 1997ರಲ್ಲಿ ವಿವರಿಸಿದ ರೋಗಿ ಫೋನಿನಲ್ಲಿ ತಂದೆತಾಯಿಯ ದನಿ ಕೇಳಿದರೆ ಅನುಮಾನಪಡುತ್ತಿರಲಿಲ್ಲ, ಎದುರಿಗೆ ಬಂದರೆ ಒಪ್ಪುತ್ತಿರಲಿಲ್ಲ. ಮಿದುಳಿನ ಹಾನಿಯಿಂದ ಇದು ಬಂದಾಗ ಪೆಟ್ಟು ಬಲಗಡೆ ಇರುವುದೇ ಹೆಚ್ಚು.

ಮುಖಗುರುಡಿನಲ್ಲಿ ಕೆಲವೊಮ್ಮೆ ಇದರ ತದ್ವಿರುದ್ಧ. ರಸ್ಸೆಲ್ ಬಾವರ್ 1984ರಲ್ಲಿ ಪರೀಕ್ಷಿಸಿದ ರೋಗಿಗೆ ಮುಖ ಯಾರದೆಂದು ತಿಳಿಯದು, ಆದರೆ ಫೋಟೊ ನೋಡುತ್ತಿರುವಾಗ ಪರೀಕ್ಷಕರು ಸರಿಯಾದ ಹೆಸರು ಓದಿ ಹೇಳಿದರೆ ಅಂಗೈ ಬೆವರುವಿಕೆಯ ಅಳತೆ ಏರುತ್ತಿತ್ತು. ಅವನಿಗೇ ತಿಳಿಯದಂತೆ ಮಿದುಳಿನಲ್ಲಿ ಎಲ್ಲೋ ಗುರುತು ಉಳಿದಿತ್ತು.

ಮುಖದ ಅರ್ಧ ಮಾತ್ರ ಕರಗಿದಂತೆ ಕಾಣುವುದು ಸಾಧ್ಯವೇ?

ಸಾಧ್ಯ, ಬಹಳ ಅಪರೂಪ. 2020ರಲ್ಲಿ ಜೋರ್ಜ್ ಆಲ್ಮೇಡಾ ಮತ್ತು ಸಂಗಡಿಗರು ವಿವರಿಸಿದ ರೋಗಿಗೆ ಎಲ್ಲರ ಮುಖದ ಒಂದು ಬದಿ ಕರಗಿ ಇಳಿದಂತೆ ಕಾಣುತ್ತಿತ್ತು. ಹಾನಿಯಾಗಿದ್ದದ್ದು ಎರಡು ಅರ್ಧಗೋಳಗಳನ್ನು ಕೂಡಿಸುವ ಕಾರ್ಪಸ್ ಕಲೋಸಮ್‌ನ ಹಿಂತುದಿಗೆ. ಫೋಟೊವನ್ನು ತಲೆಕೆಳಗು ಮಾಡಿದರೂ, ಪರದೆಯ ಬೇರೆ ಕಡೆ ತೋರಿಸಿದರೂ ವಿಕಾರ ಮುಖದ ಅದೇ ಅರ್ಧಕ್ಕೆ ಅಂಟಿಕೊಂಡಿತ್ತು. ಅಂದರೆ ಮುಖ ಹೇಗೇ ಬರಲಿ, ಮಿದುಳು ಅದನ್ನು ಮೊದಲು ನೆಟ್ಟಗೆ ತಿರುಗಿಸಿ ಒಂದು ಸಿದ್ಧ ಅಚ್ಚಿಗೆ ಕೂರಿಸುತ್ತದೆ. ಆ ಅಚ್ಚಿನ ಎರಡು ಅರ್ಧಗಳನ್ನು ಎರಡು ಅರ್ಧಗೋಳಗಳು ಹೊತ್ತು, ನಡುವೆ ಕೂಡಿಸುತ್ತಿರುವಂತೆ ತೋರುತ್ತದೆ.

ನಾನು ಬಲಮಿದುಳಿನ ಮನುಷ್ಯ, ಹಾಗಾಗಿ ಮುಖ ಮರೆಯುವುದಿಲ್ಲ. ಸರಿಯೇ?

ಮುಖ ಮರೆಯದಿರಬಹುದು, ಕಾರಣ ಅದಲ್ಲ. ಯೂಟಾ ವಿಶ್ವವಿದ್ಯಾಲಯದವರು 2013ರಲ್ಲಿ 1,011 ಜನರ ಮಿದುಳಿನ ಸ್ಕ್ಯಾನ್‌ಗಳನ್ನು ಜಾಲಾಡಿದರೂ ಒಟ್ಟಾರೆ ಎಡಮಿದುಳಿನವರು, ಬಲಮಿದುಳಿನವರು ಎಂಬ ಬಗೆ ಸಿಗಲಿಲ್ಲ. ಒಮ್ಮೆ ಕಂಡ ಮುಖವನ್ನು ವರ್ಷಗಳಾದರೂ ಮರೆಯದವರು ನಿಜಕ್ಕೂ ಇದ್ದಾರೆ. ರಿಚರ್ಡ್ ರಸ್ಸೆಲ್ ಮತ್ತು ಸಂಗಡಿಗರು 2009ರಲ್ಲಿ ಅವರಿಗೆ ಸೂಪರ್ ರೆಕಗ್ನೈಸರ್ ಎಂದು ಹೆಸರಿಟ್ಟರು. ಲಂಡನ್ ಪೊಲೀಸರು ಅಂಥವರನ್ನು ಕೆಲಸಕ್ಕೆ ಬಳಸಿದ್ದಾರೆ. ಅವಳಿಗಳ ಅಧ್ಯಯನಗಳ ಪ್ರಕಾರ ಈ ಶಕ್ತಿಯ ಬಹುಪಾಲು ಹುಟ್ಟಿನಿಂದ ಬಂದದ್ದು. 'ಬಲಮಿದುಳು ಚುರುಕುಗೊಳಿಸುವ' ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ.

ಮುಖ ಗುರುತಿಸಲು ಕಷ್ಟವಾದರೆ ವೈದ್ಯರನ್ನು ಯಾವಾಗ ಕಾಣಬೇಕು?

ನಿನ್ನೆಯವರೆಗೆ ಸರಿಯಿದ್ದು ಇಂದು ಇದ್ದಕ್ಕಿದ್ದಂತೆ ಪರಿಚಿತರ ಮುಖ ತಿಳಿಯದಾದರೆ, ಮುಖಗಳು ವಿಕಾರವಾಗಿ ಕಂಡರೆ ಅಥವಾ ಒಂದು ಬದಿಯ ದೃಷ್ಟಿ ಹೋದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಪಾರ್ಶ್ವವಾಯು ಆಗಿರಬಹುದು, ಅಲ್ಲಿ ನಿಮಿಷಗಳ ಲೆಕ್ಕ. ವಯಸ್ಸಾದವರಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಹೀಗಾಗುತ್ತಿದ್ದರೆ ನರವೈದ್ಯರಿಗೆ ತೋರಿಸಿ. ಬರೀ ಮರೆವು ಎಂದು ಬಿಡಬೇಡಿ.

ಚಿಕ್ಕಂದಿನಿಂದಲೂ ಹೀಗೇ ಇದ್ದರೆ ಗಾಬರಿ ಬೇಡ. ಮೊದಲು ಕಣ್ಣು ತೋರಿಸಿಕೊಳ್ಳಿ, ಆಮೇಲೆ ನರಮನೋವಿಜ್ಞಾನ ತಜ್ಞರು ಕೇಂಬ್ರಿಡ್ಜ್ ಫೇಸ್ ಮೆಮೊರಿ ಟೆಸ್ಟ್‌ನಂಥ ಪರೀಕ್ಷೆ ಮಾಡಿ ನೋಡುತ್ತಾರೆ. ಮಗು ಜನಜಂಗುಳಿಯಲ್ಲಿ ತಾಯಿಯ ಮುಖ ಬಿಟ್ಟು ಬಟ್ಟೆಯ ಬಣ್ಣ ಹುಡುಕುತ್ತಿದ್ದರೆ, ಸಹಪಾಠಿ ಕೂದಲು ಕತ್ತರಿಸಿಕೊಂಡು ಬಂದ ದಿನ ಗುರುತೇ ಸಿಗದಿದ್ದರೆ, ಅದನ್ನು ನಾಚಿಕೆ ಅಥವಾ ಅಹಂಕಾರ ಎಂದುಕೊಳ್ಳುವ ಮುನ್ನ ಈ ಸಾಧ್ಯತೆಯನ್ನೂ ಯೋಚಿಸಿ. ಇದಕ್ಕೆ ಔಷಧ ಇಲ್ಲ. ದನಿ, ನಡಿಗೆ, ಕನ್ನಡಕ, ಕೂದಲಿನ ಶೈಲಿ ಹಿಡಿದು ಗುರುತಿಸುವ ಉಪಾಯಗಳನ್ನು ಬಹಳ ಜನ ತಾವೇ ಕಂಡುಕೊಂಡಿರುತ್ತಾರೆ. ಶಾಲೆಯಲ್ಲಿ ಶಿಕ್ಷಕರಿಗೆ, ಕೆಲಸದ ಕಡೆ ಹತ್ತಿರದ ಒಂದಿಬ್ಬರಿಗೆ ವಿಷಯ ತಿಳಿಸಿಟ್ಟರೆ ಅರ್ಧ ಮುಜುಗರ ತಪ್ಪುತ್ತದೆ. ಎದುರಿಗೆ ಸಿಕ್ಕಾಗ ಅವರೇ ಮೊದಲು ಹೆಸರು ಹೇಳಿ ಮಾತಾಡಿಸುತ್ತಾರೆ.